ಡೇರೆಗಳಲ್ಲೊಂದು ಸಂಘ

(ಬಡವರ ವಿಶ್ವದಿನದ ಅಂಗವಾಗಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಜಗದ್ಗುರು ಫ್ರಾನ್ಸಿಸ್‌ರವರ ಇಚ್ಛೆಯಂತೆ 2017ರಿಂದ ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ 'ಬಡವರ ವಿಶ್ವದಿನ'ವನ್ನು ಆಚರಿಸುತ್ತಾ ಬಂದಿದ್ದೇವೆ. ಈ ದಿನ ಬಡವರಿಗೆ ಊಟ ಬಡಿಸುವುದು, ಹೊದಿಕೆ ಹಂಚುವುದು ಅನೇಕ ಕಡೆ ನಡೆಯುತ್ತದೆ. ಅದು ಆಗಲೇಬೇಕು. ಆದರೆ ಕೊಡುವ ಕೈ ಯಾವಾಗಲೂ ನಮ್ಮದೇ, ಬುದ್ಧಿ ಹೇಳುವ ಬಾಯಿಯೂ ನಮ್ಮದೇ ಎಂದುಕೊಂಡರೆ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ. ಬಡವರಿಂದ ಕಲಿಯುವುದೂ ಇದೆ. ಅದಕ್ಕೇ ಇವತ್ತು, ದೂರದ ಒಂದು ನಗರದಲ್ಲಿ ಮನೆಯಿಲ್ಲದ ಜನರೇ ಸೇರಿ, ಸಂಬಳದ ವಾರ್ಡನ್ ಇಲ್ಲದೆ, ತಾವೇ ನಡೆಸಿಕೊಂಡು ಬಂದ ಡೇರೆ ಊರುಗಳ ವಿಷಯ ಹೇಳುತ್ತೇವೆ. ಕೇಳ್ತಾ ಕೇಳ್ತಾ 'ಇದು ನಮ್ಮ ಸಂಘದ ಹಾಗೇ ಇದೆಯಲ್ಲಾ' ಅಂತ ನಿಮಗೇ ಅನ್ನಿಸಬಹುದು. ಕೊನೆಗೆ ಒಂದು ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡುತ್ತೇವೆ.

ಸಿರಿವಂತ ನಾಡಿನಲ್ಲಿ ಸೂರಿಲ್ಲದವರು

'ಅಮೆರಿಕದಲ್ಲಿ ಮನೆಯಿಲ್ಲದವರೂ ಇದ್ದಾರಾ?' ಅಂತ ಕೇಳುವವರು ಬಹಳ ಮಂದಿ. ಇದ್ದಾರೆ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಒಂದು ರಾತ್ರಿ ಲೆಕ್ಕ ಹಾಕಿದಾಗ 7,71,480 ಜನ ಮನೆಯಿಲ್ಲದೆ ಇದ್ದರು. ಇವರಲ್ಲಿ ಕೆಲವರು ಆಶ್ರಯ ಕೇಂದ್ರಗಳಲ್ಲಿ ಮಲಗಿದ್ದರು. ಉಳಿದವರು ಬೀದಿಯಲ್ಲಿ, ಕಾರಿನಲ್ಲಿ, ಡೇರೆಯಲ್ಲಿ.

ನಾವು ಹೇಳಹೊರಟ ನಗರದ ಹೆಸರು ಸಿಯಾಟಲ್. ಅಮೆರಿಕದ ವಾಯುವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿದೆ. ಅಮೆಜಾನ್ ಕಂಪೆನಿಯ ಕೇಂದ್ರ ಅಲ್ಲಿ, ಮೈಕ್ರೋಸಾಫ್ಟ್ ಅದರ ಪಕ್ಕದ ಊರಿನಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದಾರೆ. ದೊಡ್ಡ ಸಂಬಳದವರು ಬಂದ ಹಾಗೆ ಬಾಡಿಗೆಯೂ ಏರಿತು. ಅಂಗಡಿಯಲ್ಲಿ ದುಡಿಯುವವರು, ಕಸ ಗುಡಿಸುವವರು, ವಯಸ್ಸಾದವರು ಆ ಬಾಡಿಗೆಯನ್ನು ಮುಟ್ಟಲಾಗಲಿಲ್ಲ. ಒಂದು ಕಾಯಿಲೆ, ಒಂದು ಕೆಲಸ ಹೋಗುವುದು, ಗಂಡನ ಹೊಡೆತ ತಾಳಲಾರದೆ ಮನೆ ಬಿಡುವುದು, ಇಷ್ಟು ಸಾಕು ಬೀದಿಗೆ ಬರಲು. ಕುಡಿತ, ಮಾದಕ ವಸ್ತು, ಮಾನಸಿಕ ಕಾಯಿಲೆಯಿಂದ ಬಂದವರೂ ಇದ್ದಾರೆ. ಬೀದಿಗೆ ಬಂದ ಮೇಲೆ ಆ ಚಟಕ್ಕೆ ಬಿದ್ದವರೂ ಇದ್ದಾರೆ. ಯಾವುದು ಮೊದಲು ಅಂತ ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ.

ಡೇರೆ ಊರು ಹುಟ್ಟಿದ ಬಗೆ

ಇದು ಹೊಸದಲ್ಲ. 1930ರ ದಶಕದ ದೊಡ್ಡ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಜನ 1931ರಲ್ಲಿ ಸಿಯಾಟಲ್‌ನ ಬಂದರಿನ ಹತ್ತಿರ ಹಲಗೆ, ತಗಡು ಜೋಡಿಸಿ ಗುಡಿಸಲು ಕಟ್ಟಿಕೊಂಡರು. ಆಗಿನ ಅಧ್ಯಕ್ಷ ಹೂವರ್‌ರವರ ಮೇಲಿನ ಸಿಟ್ಟಿಗೆ ಅದನ್ನು 'ಹೂವರ್‌ವಿಲ್' ಎಂದು ಕರೆದರು. ನಗರದವರು ಎರಡು ಬಾರಿ ಸುಟ್ಟು ಹಾಕಿದರು. ಜನ ಮತ್ತೆ ಕಟ್ಟಿದರು. ಕೊನೆಗೆ ಕೆಲವು ಷರತ್ತು ಹಾಕಿ ಇರಗೊಟ್ಟರು. ಅದರಲ್ಲಿ ಒಂದು ಷರತ್ತು, ಹೆಂಗಸರು ಮಕ್ಕಳು ಅಲ್ಲಿರಬಾರದು ಎನ್ನುವುದು. ಅಲ್ಲಿನ ಜನ ಜೆಸ್ಸಿ ಜಾಕ್ಸನ್ ಎಂಬವರನ್ನು ತಮ್ಮ 'ಮೇಯರ್' ಮಾಡಿಕೊಂಡು, ಸಮಿತಿ ರಚಿಸಿ, ಜಗಳ ತಂಟೆಗಳನ್ನು ತಾವೇ ಬಗೆಹರಿಸಿಕೊಂಡರು. 1941ರಲ್ಲಿ ಅದನ್ನು ಕೆಡವಲಾಯಿತು.

ಅದಾಗಿ ಸುಮಾರು ಐವತ್ತು ವರ್ಷಗಳ ಮೇಲೆ, 1990ರ ನವೆಂಬರ್‌ನಲ್ಲಿ, ಅದೇ ನಗರದಲ್ಲಿ ಮನೆಯಿಲ್ಲದವರು ಒಟ್ಟಿಗೆ ಡೇರೆ ಹಾಕಿದರು. ಆಗ ಹುಟ್ಟಿದ ಸಂಘಟನೆಯ ಹೆಸರು 'ಶೇರ್'. 1993ರಲ್ಲಿ ಮನೆಯಿಲ್ಲದ ಹೆಂಗಸರೇ ಸೇರಿ 'ವೀಲ್' ಎಂಬ ತಮ್ಮದೇ ಸಂಘಟನೆ ಮಾಡಿಕೊಂಡರು. ಹೂವರ್‌ವಿಲ್‌ನಲ್ಲಿ ಕಾಲಿಡಲೂ ಬಿಡದ ಹೆಂಗಸರು ಈ ಸಲ ಮುಂದೆ ನಿಂತರು ನೋಡಿ! ಈ ಎರಡು ಸಂಘಟನೆಗಳು ಕೂಡಿ 2000ದ ಮಾರ್ಚ್‌ನಲ್ಲಿ 'ಟೆಂಟ್ ಸಿಟಿ 3', ಅಂದರೆ ಮೂರನೆಯ ಡೇರೆ ಊರನ್ನು ಆರಂಭಿಸಿದವು. ಜಾಗದಿಂದ ಜಾಗಕ್ಕೆ ಎಬ್ಬಿಸಿದರು, ದಂಡದ ಬೆದರಿಕೆ ಹಾಕಿದರು. ಲ್ಯಾಟಿನ್ ಅಮೆರಿಕ ಮೂಲದವರ ಸಮುದಾಯ ಸಂಸ್ಥೆಯಾದ 'ಎಲ್ ಸೆಂಟ್ರೊ ಡೆ ಲಾ ರಾಸಾ' ತನ್ನ ಜಾಗ ಕೊಟ್ಟು ಜೊತೆಗೆ ನಿಂತಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2002ರಲ್ಲಿ ನಗರದ ಆಡಳಿತದೊಂದಿಗೆ ಒಪ್ಪಂದವಾಯಿತು. ಅದರಂತೆ ಜಾಗದ ಮಾಲೀಕರ ಒಪ್ಪಿಗೆಯಿದ್ದರೆ ನೂರು ಜನರವರೆಗೆ ಡೇರೆ ಹಾಕಬಹುದಿತ್ತು. ಆದರೆ ಒಂದೇ ಜಾಗದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಇರುವಂತಿರಲಿಲ್ಲ.

ಹಾಗಾಗಿ ಇದು ನಡೆದಾಡುವ ಊರು. ಕೆಲವು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೊರಡಬೇಕು. ಬಹುಪಾಲು ಜಾಗ ಕೊಟ್ಟವರು ಚರ್ಚುಗಳು. ಯೇಸುಸಭೆಯ ಗುರುಗಳು ನಡೆಸುವ ಸಿಯಾಟಲ್ ವಿಶ್ವವಿದ್ಯಾಲಯವು 2005ರಲ್ಲಿ ತನ್ನ ಆವರಣದಲ್ಲೇ ಜಾಗ ಮಾಡಿಕೊಟ್ಟಿತು. ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವ ಬಡತನ ಆಗ ತರಗತಿಯ ಪಕ್ಕದಲ್ಲೇ ಬಂದು ಕೂತಿತು.

ನಮ್ಮ ಪಂಚಸೂತ್ರ, ಅವರ ನಿಯಮ

ಈಗ ಡೇರೆಯೊಳಗೆ ಹೇಗೆ ನಡೆಯುತ್ತದೆ ನೋಡೋಣ. ನಮ್ಮ ಸಂಘಗಳಿಗೆ ಪಂಚಸೂತ್ರ ಇದೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕಪತ್ರ. ಡೇರೆಯವರಿಗೂ ಸೂತ್ರಗಳಿವೆ.

ಒಂದು, ವಾರದ ಸಭೆ. ಡೇರೆಯಲ್ಲಿ ಇರುವವರೆಲ್ಲ ಬರಬೇಕು. ಮುಂದಾಳುಗಳನ್ನು ಅವರೊಳಗಿನಿಂದಲೇ ಆರಿಸುತ್ತಾರೆ. ಒಬ್ಬರೇ ವರ್ಷಗಟ್ಟಲೆ ಕುರ್ಚಿ ಹಿಡಿದು ಕೂರುವಂತಿಲ್ಲ.

ಎರಡು, ಕಾವಲಿನ ಪಾಳಿ. ಬಾಗಿಲಲ್ಲಿ ಹಗಲೂ ರಾತ್ರಿ ಯಾರಾದರೂ ಕೂತಿರುತ್ತಾರೆ. ಬಂದವರು ಹೋದವರ ಮೇಲೆ ಅವರ ಕಣ್ಣು. ಈ ಪಾಳಿಯನ್ನು ಸರದಿಯಂತೆ ಎಲ್ಲರೂ ಮಾಡಲೇಬೇಕು. ಅಲ್ಲಿ ಉಳಿತಾಯ ಅಂದರೆ ದುಡ್ಡಲ್ಲ, ದುಡ್ಡು ಎಲ್ಲಿದೆ ಅವರ ಹತ್ತಿರ? ಪ್ರತಿಯೊಬ್ಬರೂ ಹಾಕುವುದು ತಮ್ಮ ಸಮಯ, ತಮ್ಮ ನಿದ್ದೆ. ಶರಣರು ಕಾಯಕ ಅಂದದ್ದು ಇದನ್ನೇ ಅಲ್ಲವೇ?

ಮೂರು, ಶಿಸ್ತು. ಕುಡಿತ ಇಲ್ಲ, ಮಾದಕ ವಸ್ತು ಇಲ್ಲ, ಆಯುಧ ಇಲ್ಲ, ಕೈ ಮಾಡುವಂತಿಲ್ಲ. ರಾತ್ರಿ ಗಲಾಟೆ ಕೂಡದು.

ನಾಲ್ಕು, ಅಕ್ಕಪಕ್ಕದವರೊಂದಿಗೆ ಸಂಬಂಧ. ಡೇರೆಯ ಸುತ್ತಲಿನ ಬೀದಿಯ ಕಸವನ್ನು ಡೇರೆಯವರೇ ಹೆಕ್ಕುತ್ತಾರೆ.

ಐದು, ಸಾಮಾನಿನ ಜವಾಬ್ದಾರಿ. ಬಂದ ದಾನ ಹಂಚುವುದು, ಅಡುಗೆ ಡೇರೆ ಚೊಕ್ಕಟ ಇಡುವುದು, ಜಾಗ ಬದಲಿಸುವ ದಿನ ಎಲ್ಲರೂ ಹೊರೆ ಹೊರುವುದು.

ಅಲ್ಲಿ ಚಳಿಗಾಲವೆಂದರೆ ಮಳೆಗಾಲ. ನೆಲದ ತೇವ ತಟ್ಟದಂತೆ ಮರದ ಅಟ್ಟಣೆ ಹಾಕಿ ಅದರ ಮೇಲೆ ಡೇರೆ ಬಿಗಿಯುತ್ತಾರೆ. ಸಂಜೆ ಹೊತ್ತು ಸುತ್ತಲಿನ ಚರ್ಚುಗಳ ಹೆಂಗಸರು ಗಂಡಸರು ಊಟ ಮಾಡಿ ತರುತ್ತಾರೆ. ಅವರು ಸ್ವಯಂಸೇವಕರು ನಿಜ. ಆದರೆ ನಿಜವಾದ ಸ್ವಯಂಸೇವಕರು ಡೇರೆಯ ಒಳಗಿದ್ದಾರೆ. ರಾತ್ರಿ ಎರಡು ಗಂಟೆಗೆ ಚಳಿಯಲ್ಲಿ ಕಾವಲು ಕೂತವರಿಗೆ ಯಾರೂ ಸಂಬಳ ಕೊಡುವುದಿಲ್ಲ.

'ಆಶ್ರಯ ಕೇಂದ್ರ ಇರುವಾಗ ಡೇರೆ ಯಾಕೆ?' ಅಂತ ಕೇಳಬಹುದು. ಮೊದಲನೆಯದಾಗಿ ಎಲ್ಲರಿಗೂ ಸಾಕಾಗುವಷ್ಟು ಕೇಂದ್ರಗಳು ಇಲ್ಲ. ಇದ್ದರೂ ಎಷ್ಟೋ ಕೇಂದ್ರಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಇರುವಂತಿಲ್ಲ. ಬೆಳಿಗ್ಗೆ ಬೇಗ ಎದ್ದು ಗಂಟು ಹೊತ್ತು ಹೊರಡಬೇಕು. ರಾತ್ರಿ ಪಾಳಿಯ ಕೆಲಸ ಮಾಡಿ ಬಂದವರು ಹಗಲು ಮಲಗುವುದೆಲ್ಲಿ? ಡೇರೆಯಲ್ಲಾದರೆ ಬಟ್ಟೆಬರೆ ಇಟ್ಟು ಕೆಲಸಕ್ಕೆ ಹೋಗಬಹುದು. ಹೆಂಗಸರಿಗಂತೂ ಪಕ್ಕದ ಡೇರೆಯಲ್ಲಿ ಹೆಸರು ಹಿಡಿದು ಕರೆಯುವವರೊಬ್ಬರು ಇರುವುದೇ ದೊಡ್ಡ ಧೈರ್ಯ.

ಕಪ್ಪು ಬಟ್ಟೆಯ ಹೆಂಗಸರು

'ವೀಲ್' ಸಂಘಟನೆಯ ಹೆಂಗಸರು ಇನ್ನೊಂದು ಕೆಲಸ ಮಾಡುತ್ತಾ ಬಂದಿದ್ದಾರೆ. ನಗರದ ಬಯಲಿನಲ್ಲೋ ಬೀದಿಯಲ್ಲೋ ಮನೆಯಿಲ್ಲದ ಒಬ್ಬರು ಸತ್ತರೆ, ಅಥವಾ ಯಾರಾದರೂ ಕೊಂದು ಹಾಕಿದರೆ, ಇವರು ಕಪ್ಪು ಬಟ್ಟೆ ತೊಟ್ಟು ಬಂದು ಒಂದು ಗಂಟೆ ಮಾತಿಲ್ಲದೆ ನಿಲ್ಲುತ್ತಾರೆ. 2000ದಲ್ಲಿ ಶುರುವಾದದ್ದು. ಘೋಷಣೆ ಇಲ್ಲ, ಭಾಷಣ ಇಲ್ಲ. ಸತ್ತವರ ಹೆಸರನ್ನು ಕಂಚಿನ ಎಲೆಗಳ ಮೇಲೆ ಕೊರೆದು ಕಾಲುದಾರಿಯಲ್ಲಿ ಕೂರಿಸುವ ಕೆಲಸವೂ ಅಲ್ಲಿ ನಡೆದಿದೆ. ಬದುಕಿದ್ದಾಗ ಯಾವ ಮಲಗುವ ಜಾಗದಿಂದ ಎಬ್ಬಿಸಿ ಓಡಿಸಿದರೋ, ಅಂಥ ಕಾಲುದಾರಿಯಲ್ಲೇ ಅವರ ಹೆಸರು ಉಳಿಯಿತು.

ಸಹೋದರಿಯರೇ, ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬರು ಸತ್ತರೆ 'ಅಪರಿಚಿತ ಶವ' ಅಂತ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ಒಂದು ಗಂಟೆ ನಿಂತು 'ಇವರೂ ಯಾರದೋ ಮಗಳು, ಯಾರದೋ ತಾಯಿ' ಎನ್ನುವವರು ಬೇಕು.

ವಿರೋಧವೂ ಬಂತು

ಎಲ್ಲರೂ ಹೂವಿನ ಹಾರ ಹಾಕಿ ಬರಮಾಡಿಕೊಂಡರು ಅಂತ ತಿಳಿಯಬೇಡಿ. 2004ರಲ್ಲಿ ನಗರದ ಹೊರಗಿನ ಊರುಗಳಿಗಾಗಿ 'ಟೆಂಟ್ ಸಿಟಿ 4' ಬಂದಾಗ ಬಾಥೆಲ್ ಎಂಬ ಊರಿನ ಹತ್ತಿರ ಸರ್ಕಾರಿ ಜಾಗದಲ್ಲಿ ಹಾಕುವುದಕ್ಕೆ ಜನ ಬಲವಾಗಿ ಅಡ್ಡ ಬಂದರು. 'ನಮ್ಮ ಮಕ್ಕಳ ಗತಿಯೇನು, ಕಳ್ಳತನ ಆದರೆ ಯಾರು ಹೊಣೆ' ಎಂಬ ಭಯ. ಆಗ ಅದೇ ಊರಿನ ಸಂತ ಬ್ರೆಂಡನ್ ಕಥೋಲಿಕ ಧರ್ಮಕೇಂದ್ರವು ತನ್ನ ಜಾಗ ಕೊಟ್ಟಿತು. ಡೇರೆಯವರು ಸೇರಬಯಸುವವರ ಗುರುತಿನ ಚೀಟಿ ನೋಡಿ, ಪೊಲೀಸ್ ವಾರಂಟ್ ಇದೆಯೇ ಎಂದು ವಿಚಾರಿಸುವ ಪದ್ಧತಿ ಇಟ್ಟುಕೊಂಡರು. ಭಯಪಟ್ಟವರನ್ನು ಬೈದು ಕಳಿಸುವ ಬದಲು ಭಯಕ್ಕೆ ಉತ್ತರ ಕೊಟ್ಟರು.

ವುಡಿನ್‌ವಿಲ್ ಎಂಬ ಇನ್ನೊಂದು ಊರಿನಲ್ಲಿ ಒಂದು ಪ್ರೊಟೆಸ್ಟೆಂಟ್ ಚರ್ಚು ಡೇರೆಯವರಿಗೆ ಜಾಗ ಕೊಡಲು ಹೊರಟಾಗ ಊರಿನ ಆಡಳಿತ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. 2009ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಚರ್ಚಿನ ಪರವಾಗಿ ತೀರ್ಪು ಕೊಟ್ಟಿತು. ಬಡವರಿಗೆ ನೆರಳು ಕೊಡುವುದು ಧರ್ಮಾಚರಣೆಯ ಭಾಗವೇ, ಅದಕ್ಕೆ ಅರ್ಜಿ ಹಾಕುವ ದಾರಿಯನ್ನೇ ಮುಚ್ಚುವಂತಿಲ್ಲ ಎಂಬುದು ಅದರ ಸಾರ. 2010ರಲ್ಲಿ ರಾಜ್ಯವು ಇದಕ್ಕೆ ಕಾನೂನನ್ನೂ ಮಾಡಿತು.

ಇನ್ನೊಂದು ಕಡೆ ಗಾಳಿ ಬೇರೆಯಾಗಿಯೂ ಬೀಸಿದೆ. 2024ರ ಜೂನ್‌ನಲ್ಲಿ ಅಮೆರಿಕ ದೇಶದ ಸುಪ್ರೀಂ ಕೋರ್ಟು, ಸಾರ್ವಜನಿಕ ಜಾಗದಲ್ಲಿ ಮಲಗುವವರಿಗೆ ದಂಡ, ಜೈಲು ವಿಧಿಸುವ ಊರುಗಳ ಕಾನೂನು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಆರು ನ್ಯಾಯಾಧೀಶರು ಹೌದೆಂದರು, ಮೂವರು ಅಲ್ಲವೆಂದರು. ಮಲಗುವುದು ಮನುಷ್ಯರ ಶರೀರದ ಅಗತ್ಯ. ಮಲಗಲು ಬೇರೆ ಜಾಗವೇ ಇಲ್ಲದವರಿಗೆ ದಂಡ ಹಾಕಿದರೆ ಅವರು ಕಟ್ಟುವುದೆಲ್ಲಿಂದ, ಎದ್ದು ಹೋಗುವುದೆಲ್ಲಿಗೆ?

ಡೇರೆ ಮನೆಯಲ್ಲ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಡೇರೆ ಮನೆಯಲ್ಲ. ಬೀಗವಿಲ್ಲ, ಮಳೆಗೆ ಬಟ್ಟೆ ಒದ್ದೆ, ಚಳಿಗೆ ಮೈ ಮರಗಟ್ಟುತ್ತದೆ. 'ಡೇರೆ ಇದೆಯಲ್ಲ, ಸಾಕು' ಎಂದು ಸರ್ಕಾರ ಕೈತೊಳೆದುಕೊಳ್ಳುವ ಅಪಾಯವೂ ಇದೆ. ಇದನ್ನು ಅಲ್ಲಿನವರೂ ಬಲ್ಲರು. ಅದಕ್ಕೇ 2008ರಲ್ಲಿ ಗುಲಾಬಿ ಬಣ್ಣದ ಡೇರೆಗಳಲ್ಲಿ ಶುರುವಾದ 'ನಿಕಲ್ಸ್‌ವಿಲ್' ಎಂಬ ಡೇರೆ ಊರಿನವರು ಮುಂದೆ ಬೀಗ ಹಾಕಬಹುದಾದ ಪುಟ್ಟ ಮರದ ಮನೆಗಳ ಕಡೆಗೆ ಹೊರಳಿದರು. 2015ರ ನವೆಂಬರ್‌ನಲ್ಲಿ ಸಿಯಾಟಲ್‌ನ ಮೇಯರ್ ವಸತಿಹೀನತೆಯನ್ನು ತುರ್ತು ಪರಿಸ್ಥಿತಿ ಎಂದೇ ಘೋಷಿಸಬೇಕಾಯಿತು. ಆದರೂ ಸಮಸ್ಯೆ ತೀರಿಲ್ಲ. ಕೈಗೆಟುಕುವ ಬಾಡಿಗೆಯ ಮನೆಗಳು ಬೇಕಾದಷ್ಟು ಇಲ್ಲದಿದ್ದರೆ ತೀರುವುದೂ ಇಲ್ಲ.

ಇನ್ನೊಂದು ಕಷ್ಟದ ಮಾತು ನಿಯಮದ್ದು. ಪಾಳಿ ತಪ್ಪಿಸಿದವರನ್ನು, ಕುಡಿದು ಬಂದವರನ್ನು ಡೇರೆಯಿಂದ ಹೊರಗೆ ಕಳಿಸುತ್ತಾರೆ. ಕಳಿಸದಿದ್ದರೆ ಉಳಿದವರಿಗೆ ರಕ್ಷಣೆಯಿಲ್ಲ. ಕಳಿಸಿದರೆ ಆ ಜೀವ ಮತ್ತೆ ಬೀದಿಗೆ. ಮಾನಸಿಕ ಕಾಯಿಲೆಯವರು ಪಾಳಿ ಮಾಡಲಾಗದೆ ಹೋದರೆ? ನಿಯಮ ಸಂಘವನ್ನು ಉಳಿಸುತ್ತದೆ. ಆದರೆ ಅದೇ ನಿಯಮ ಎಲ್ಲರಿಗಿಂತ ಸೋತವರನ್ನು ಮೊದಲು ಹೊರಗೆ ಹಾಕುತ್ತದೆ. ಈ ಮಾತು ಡೇರೆಗೆ ಮಾತ್ರ ಅಲ್ಲ, ನಮಗೂ ಅನ್ವಯಿಸುತ್ತದೆ.

ನಮ್ಮ ಕಡೆಯ ಮಾತು

ಬೀದಿಯಲ್ಲಿರುವ ಹೆಂಗಸರು ಸಂಘ ಕಟ್ಟಬಲ್ಲರೇ ಎಂದರೆ ನಮ್ಮ ದೇಶದಲ್ಲೇ ಉತ್ತರವಿದೆ. ಮುಂಬಯಿಯ ಬೈಕುಲಾದ ಫುಟ್‌ಪಾತಿನಲ್ಲಿ ವಾಸವಿದ್ದ ಹೆಂಗಸರು 1986ರಲ್ಲಿ 'ಮಹಿಳಾ ಮಿಲನ್' ಎಂಬ ಉಳಿತಾಯ ಸಂಘ ಕಟ್ಟಿಕೊಂಡರು. ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸುವುದಕ್ಕೂ ಮೊದಲೇ! ಪಡಿತರ ಚೀಟಿಗಾಗಿ ಓಡಾಡಿದರು, ಮನೆಯ ನಕ್ಷೆ ತಾವೇ ಯೋಚಿಸಿದರು, ವರ್ಷಗಟ್ಟಲೆ ಉಳಿಸಿದರು. ಎಷ್ಟೋ ಕುಟುಂಬಗಳಿಗೆ ಕಡೆಗೆ ಮನೆಯೂ ಸಿಕ್ಕಿತು. ಅವರ ಜೊತೆ ನಿಂತವರಲ್ಲಿ ಒಬ್ಬರು ಜೋಕಿನ್ ಅರ್ಪುತಂ. ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಕೆಲಸ ಹುಡುಕಿ ಮುಂಬಯಿಗೆ ಹೋಗಿ ಕೊಳೆಗೇರಿಯಲ್ಲಿ ಬಾಳಿದವರು. ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಕಟ್ಟಿ 2000ದಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2018ರಲ್ಲಿ ತೀರಿಕೊಂಡರು.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ವಸತಿರಹಿತರು. ನಮ್ಮ ಪಟ್ಟಣಗಳ ಅಂಚಿನಲ್ಲಿ ಟಾರ್ಪಾಲು ಕಟ್ಟಿಕೊಂಡವರನ್ನು ನೀವು ದಿನವೂ ನೋಡುತ್ತೀರಿ. ಕಟ್ಟಡದ ಕೆಲಸಕ್ಕೆ ಬಂದವರು, ಚಿಂದಿ ಆಯುವವರು, ಮಕ್ಕಳು ಹೊರಹಾಕಿದ ಅಜ್ಜಿಯರು. ಅವರಲ್ಲಿ ದುಡಿದು ತಿನ್ನುವವರೇ ಬಹಳ. ಎಲ್ಲರನ್ನೂ ಭಿಕ್ಷುಕರೆಂದು ಕರೆಯುವುದು ಸರಿಯಲ್ಲ.

ಸಂಘದವರು ಮಾಡಬಹುದಾದ ಕೆಲಸ ಇದೆ. ಒಂದು ಲಕ್ಷ ಜನಸಂಖ್ಯೆಯ ನಗರದಲ್ಲಿ ಕನಿಷ್ಠ ನೂರು ಜನರಿಗೆ, ವರ್ಷವಿಡೀ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂಬುದು ಸುಪ್ರೀಂ ಕೋರ್ಟು 2010ರಲ್ಲಿ ಕೊಟ್ಟ ನಿರ್ದೇಶನ ಮತ್ತು ನಂತರ ಬಂದ ಕೇಂದ್ರ ಸರ್ಕಾರದ ಯೋಜನೆಯ ಅಳತೆ. ನಮ್ಮ ಊರಿನಲ್ಲಿ ಅದು ಎಲ್ಲಿದೆ, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ರಾತ್ರಿ ಬಾಗಿಲು ತೆಗೆಯುತ್ತಾರೆಯೇ ಎಂದು ನಗರಸಭೆಗೆ ಹೋಗಿ ಕೇಳಿ. ವಿಳಾಸದ ಪುರಾವೆ ಇಲ್ಲದವರೂ ಮತದಾರರಾಗಬಹುದು. ಚುನಾವಣಾ ಆಯೋಗದ ಸೂಚನೆಯಂತೆ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು, ಅವರು ಅಲ್ಲೇ ಮಲಗುತ್ತಾರೆ ಎಂದು ಖಚಿತಪಡಿಸಿಕೊಂಡರೆ ಸಾಕು. ದಾಖಲೆ ಇಲ್ಲದವರಿಗೆ ಬ್ಯಾಂಕುಗಳಲ್ಲಿ 'ಸಣ್ಣ ಖಾತೆ' ತೆರೆಯುವ ಅವಕಾಶವಿದೆ. ಇದಕ್ಕೆಲ್ಲ ಅವರ ಜೊತೆ ಒಬ್ಬರು ಹೋಗಿ ಕೌಂಟರಿನ ಮುಂದೆ ನಿಲ್ಲಬೇಕು ಅಷ್ಟೇ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ನೀವು ಇಂದು ಮ್ಯಾನೇಜರ ಎದುರು ಕೂತು ಮಾತಾಡುತ್ತೀರಿ. ಆ ಧೈರ್ಯವನ್ನು ಇನ್ನೊಬ್ಬರಿಗೂ ಹಂಚಿ.

ಈಗ ನಾವು ಮೊದಲೇ ಹೇಳಿದ ಪ್ರಶ್ನೆ. ನಮ್ಮ ಸಂಘದಲ್ಲಿ ಎಲ್ಲರಿಗಿಂತ ಬಡವರು ಯಾರು? ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು, ನಾಲ್ಕಾರು ವಾರ ಉಳಿತಾಯ ಕಟ್ಟದವರು, ಅವರ ಹೆಸರು ಈಗಲೂ ಹಾಜರಿ ಪುಸ್ತಕದಲ್ಲಿ ಇದೆಯೇ? ಅಥವಾ 'ನಿಯಮ ನಿಯಮವೇ' ಎಂದು ಗೆರೆ ಎಳೆದಾಗಿದೆಯೇ? ಹೊಸ ಸದಸ್ಯರನ್ನು ಸೇರಿಸುವಾಗ 'ಸ್ವಂತ ಮನೆ ಇದೆಯಾ' ಅಂತ ಮೊದಲು ಕೇಳುತ್ತೇವೆಯೇ? ಮರುಪಾವತಿ ನೂರಕ್ಕೆ ನೂರು ಬರಬೇಕೆಂದು ಬಡವರನ್ನೇ ಬಿಟ್ಟರೆ ಲೆಕ್ಕಪತ್ರ ಚೆನ್ನಾಗಿರುತ್ತದೆ, ಆದರೆ ಸಂಘ ಕಟ್ಟಿದ ಉದ್ದೇಶ ಎಲ್ಲಿ ಹೋಯಿತು? ನಿಯಮ ಬೇಡ ಅಂತ ನಾವು ಹೇಳುತ್ತಿಲ್ಲ. ಹೆಸರು ಹೊಡೆಯುವ ಮೊದಲು ಇಬ್ಬರು ಸದಸ್ಯರು ಅವರನ್ನು ಹುಡುಕಿಕೊಂಡು ಹೋಗಿ, ಎಲ್ಲಿ ಮಲಗುತ್ತಿದ್ದಾರೆ, ಏನು ತಿನ್ನುತ್ತಿದ್ದಾರೆ ಎಂದು ಕಣ್ಣಾರೆ ನೋಡಿ ಬರಲಿ. ಅದನ್ನೂ ಒಂದು ನಿಯಮವಾಗಿ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಪ್ರಭು ಯೇಸು ಹುಟ್ಟುವಾಗ ಛತ್ರದಲ್ಲಿ ಜಾಗ ಸಿಗಲಿಲ್ಲ ಎಂಬುದನ್ನು ಕ್ರಿಸ್ಮಸ್ ಬಂದಾಗಲೆಲ್ಲ ನೆನೆಯುತ್ತೇವೆ. ನಿಮ್ಮ ನಿಮ್ಮ ಧರ್ಮದಲ್ಲೂ ಅತಿಥಿಗೆ, ದಾರಿಹೋಕರಿಗೆ ಜಾಗ ಕೊಟ್ಟವರ ಕಥೆಗಳಿವೆ. ಹನಿ ಹನಿ ಕೂಡಿದರೆ ಹಳ್ಳ ಎಂದು ನಾವು ಉಳಿತಾಯಕ್ಕೆ ಹೇಳಿಕೊಳ್ಳುತ್ತೇವೆ. ಆ ಹಳ್ಳದ ದಡದಲ್ಲಿ ಬಾಯಾರಿ ಕೂತವರಿಗೂ ಒಂದು ಬೊಗಸೆ ಇರಲಿ. ದೇವರು ನಿಮ್ಮೆಲ್ಲರನ್ನೂ, ನಿಮ್ಮ ಕುಟುಂಬಗಳನ್ನೂ ಕಾಪಾಡಲಿ.

ಸಂಘದ ಮುಂದಿನ ಸಭೆಯಲ್ಲಿ ಚರ್ಚಿಸಿ:
1. ಕಳೆದ ಎರಡು ವರ್ಷಗಳಲ್ಲಿ ನಮ್ಮ ಸಂಘ ಬಿಟ್ಟವರು ಯಾರು? ಯಾಕೆ ಬಿಟ್ಟರು? ಈಗ ಎಲ್ಲಿದ್ದಾರೆ?
2. ನಮ್ಮ ವಾರ್ಡಿನಲ್ಲಿ ಟಾರ್ಪಾಲಿನ ಕೆಳಗೆ ವಾಸಿಸುವ ಕುಟುಂಬಗಳು ಎಷ್ಟು? ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೇ?
3. ನಮ್ಮ ಊರಿನ ವಸತಿರಹಿತರ ಆಶ್ರಯ ಕೇಂದ್ರವನ್ನು ನೋಡಿ ಬರಲು ಯಾವ ಇಬ್ಬರು ಹೋಗುತ್ತಾರೆ? ಯಾವ ದಿನ?